ಪಹಣಿಯಲ್ಲಿ ‘ಬೀಳು’, ತಾತನ ಬಾಯಲ್ಲಿ ನೂರೆಂಟು ಹೆಸರು

ದೇವರಾಯನದುರ್ಗದ ತಪ್ಪಲಿನಲ್ಲಿ ಒಂದು ಹಳ್ಳಿ. ಊರು ದಾಟಿದರೆ ಗೋಮಾಳ. ಬಂಡೆ, ಕುರುಚಲು, ಅಲ್ಲಲ್ಲಿ ಜಾಲಿ, ಮಳೆ ಬಿದ್ದರೆ ಮೊಣಕಾಲುದ್ದ ಹುಲ್ಲು. ಪಹಣಿ ತೆಗೆಸಿ ನೋಡಿದರೆ ಆ ಜಾಗದ ಎದುರು ಎರಡೇ ಅಕ್ಷರ: ‘ಬೀಳು’. ಅಂದರೆ ಏನೂ ಬೆಳೆದಿಲ್ಲ, ಏನೂ ಇಲ್ಲ. ಸರ್ಕಾರದ ಲೆಕ್ಕ ಅಲ್ಲಿಗೆ ಮುಗೀತು.

ಗೌರಿ-ಗಣೇಶ ಹಬ್ಬ ಕಳೆದ ಮೊದಲ ಭಾನುವಾರ ಅದೇ ಬೀಳಿಗೆ ತುಮಕೂರಿನಿಂದ ನಾಲ್ಕು ಜನ ಕಾಲೇಜು ಹುಡುಗರು ಬಂದರು. ಬೈಕುಗಳನ್ನ ಕೆರೆ ಏರಿ ಮೇಲೆ ನಿಲ್ಲಿಸಿ ನಡೆಯೋಕೆ ಶುರು ಮಾಡಿದರು. ಕುಡಿದು ಬಾಟ್ಲಿ ಒಡೆಯೋಕೆ ಬಂದ ಹುಡುಗರಲ್ಲ. ಗಿಡ, ಹೂವು, ಹಕ್ಕಿ ನೋಡಬೇಕು ಅನ್ನೋ ಆಸೆಯಿಂದ ಬಂದವರು. ಕೈಯಲ್ಲಿ ಮೊಬೈಲು. ಗಿಡದ ಮುಂದೆ ಹಿಡಿದರೆ ಹೆಸರು ಹೇಳೋ ಆಪ್‌ಗಳು ಈಗ ಬಂದಿವೆ. ತುದಿಯಲ್ಲಿ ಗುಲಾಬಿ, ಬುಡದಲ್ಲಿ ಬೆಳ್ಳಿ ಬಣ್ಣದ ತೆನೆ ಹೊತ್ತು ನಿಂತಿದ್ದ ಒಂದು ಗಿಡದ ಮುಂದೆ ಹಿಡಿದರು. ‘ಸಿಲೋಸಿಯಾ ಅರ್ಜೆಂಟಿಯಾ’ ಅಂತ ಬಂತು. ಹುಡುಗರಿಗೆ ಖುಷಿಯೋ ಖುಷಿ.

ಬೇವಿನ ಮರದ ಕೆಳಗೆ ಕುರಿ ಬಿಟ್ಟುಕೊಂಡು ಕೂತಿದ್ದ ಮುದುಕಪ್ಪನಿಗೆ ಇದು ಸೋಜಿಗವಾಗಿ ಕಂಡಿತು.

“ಏನಪ್ಪಾ, ಗಿಡಕ್ಕೆ ಫೋಟೋ ಹಿಡೀತಿದೀರಾ?”

“ಹೆಸರು ನೋಡ್ತಾ ಇದೀವಿ ತಾತ.”

“ಅಣ್ಣೆಸೊಪ್ಪಿಗೆ ಹೆಸರು ನೋಡೋಕೆ ಅದೆಲ್ಲಾ ಬೇಕೇನಪ್ಪಾ? ಎಳೇದಿದ್ದಾಗ ಕಿತ್ತು ಸಾರು ಮಾಡ್ತಾರೆ. ನಿಮ್ಮಜ್ಜಿನ ಕೇಳು, ಹೇಳ್ತಾರೆ.”

“ನಮ್ಮಜ್ಜಿ ಹೋದ ವರ್ಷ ತೀರ್ಕೊಂಡ್ರು ತಾತ.”

ಹುಡುಗ ಸುಮ್ಮನೆ ಹೇಳಿದ ಮಾತು. ಆದರೆ ಈ ಜಿಲ್ಲೆಯ ಗಿಡ-ಗೆಡ್ಡೆ, ಹಕ್ಕಿ-ಹುಳುಗಳ ವಿಚಾರದಲ್ಲಿ ಇವತ್ತು ನಡೀತಿರೋದು ಇಷ್ಟೇ. ಹೆಸರು ಗೊತ್ತಿದ್ದವರು ಒಬ್ಬೊಬ್ಬರಾಗಿ ಹೋಗ್ತಿದಾರೆ. ಕೂತು ಕೇಳಿ ಬರೆದಿಟ್ಟುಕೊಳ್ಳುವವರು ಸಿಗೋದು ಅಪರೂಪ.

ಪ್ಯಾಂಟಿಗೆ ಅಂಟಿದ ಪತ್ರೆ

ತಾತ ಕುರಿಗಳನ್ನ ಮೊಮ್ಮಗನ ಸುಪರ್ದಿಗೆ ಬಿಟ್ಟು ಹುಡುಗರ ಜೊತೆ ಎದ್ದರು. ಮೊದಲ ಪಾಠ ಹುಡುಗರ ಪ್ಯಾಂಟಿನಿಂದಲೇ ಶುರುವಾಯಿತು. ಹುಲ್ಲಲ್ಲಿ ನಡೆದು ಬಂದವರ ಪ್ಯಾಂಟಿನ ತುಂಬಾ ಸಣ್ಣ ಸಣ್ಣ ಚೂಪು ಬೀಜ. ಕಿತ್ತು ಎಸೆಯುತ್ತಾ ಗೊಣಗುತ್ತಿದ್ದವನಿಗೆ ತಾತ ಹೇಳಿದ್ದು: “ಅದು ಉತ್ತರಾಣಿ. ಮೊನ್ನೆ ಗಣಪತಿಗೆ ಏರಿಸಿದ ಪತ್ರೇಲಿ ಇದೂ ಒಂದು.”

ಹುಡುಗರ ಮನೆಯಲ್ಲಿ ಹಬ್ಬಕ್ಕೆ ಪತ್ರೆಯ ಕಟ್ಟು ದುಡ್ಡು ಕೊಟ್ಟು ತಂದಿದ್ದರು. ಕಟ್ಟಿನೊಳಗೆ ಏನೇನಿತ್ತು ಅಂತ ಕೇಳಿದರೆ ಗರಿಕೆ ಬಿಟ್ಟು ಇನ್ನೊಂದು ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಗಣಪತಿಗೆ ಏರಿಸೋದು 21 ಬಗೆ ಪತ್ರೆ. ಆ ಪಟ್ಟಿಯಲ್ಲಿರುವ ಗರಿಕೆ, ಉತ್ತರಾಣಿ, ಎಕ್ಕ, ದತ್ತೂರಿ, ಬೋರೆ, ಬನ್ನಿ, ವಿಷ್ಣುಕ್ರಾಂತಿ ಈ ಏಳೂ ಅದೇ ಗೋಮಾಳದಲ್ಲಿ ಒಂದು ಫರ್ಲಾಂಗ್ ದೂರದೊಳಗೆ ಸಿಕ್ಕವು. ದೇವರಿಗೆ ಬೇಕಾದದ್ದರಲ್ಲಿ ಮೂರನೇ ಒಂದು ಭಾಗ ಬೆಳೆಯೋ ಜಾಗಕ್ಕೆ ಪಹಣಿಯಲ್ಲಿ ‘ಬೀಳು’ ಅಂತ ಹೆಸರು!

ವಿಷ್ಣುಕ್ರಾಂತಿಯನ್ನ ಹುಡುಗರು ತುಳಿದುಕೊಂಡೇ ಹೋಗಿದ್ದರು. ನೆಲಕ್ಕೆ ಅಂಟಿಕೊಂಡು ಹಬ್ಬುವ ಗಿಡ, ಅಂಗಿ ಗುಂಡಿಗಿಂತ ಚಿಕ್ಕದಾದ ನೀಲಿ ಹೂವು. ಬಗ್ಗಿದವರಿಗೆ ಮಾತ್ರ ಕಾಣೋದು. ಅದರ ಪಕ್ಕದಲ್ಲಿ ಐದು ಎಸಳಿನ ಹಳದಿ ಹೂವು ನೆಗ್ಗಿಲು. ಹೂವು ನೋಡೋಕೆ ಚೆಂದ, ಕಾಯಿ ಬರಿಗಾಲಿಗೆ ಚುಚ್ಚಿದರೆ ಜೀವ ಹೋದಂಗಾಗ್ತದೆ. ಅದರಾಚೆ ಬಿಳಿ ತುಂಬೆ, ಶಿವನಿಗೆ ಇಷ್ಟವಾದ ಹೂವು ಅಂತ ಹೆಸರಾದದ್ದು. ಬೇಲಿ ಮೇಲೆ ಬೆಂಕಿ ಹತ್ತಿದ ಹಾಗೆ ಗೌರಿ ಹೂವು: ಎಸಳೆಲ್ಲ ಮೇಲಕ್ಕೆ ತಿರುಗಿ ನಿಂತು, ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು. ಎಲೆಯ ತುದಿ ಬಳ್ಳಿ ಕುಡಿಯ ಹಾಗೆ ಸುರುಳಿ ಸುತ್ತಿಕೊಂಡು ಬೇಲಿ ಹಿಡಿದಿರುತ್ತೆ. ಇದನ್ನ ಒಮ್ಮೆ ನೋಡಿದವರು ಇನ್ನೊಂದು ಗಿಡ ಅಂತ ತಪ್ಪು ತಿಳಿಯೋ ಹಾಗೇ ಇಲ್ಲ.

“ಹೂವು ನೋಡ್ರಪ್ಪಾ, ಗೆಡ್ಡೆ ಮುಟ್ಟಬೇಡಿ” ಅಂದರು ತಾತ. ಅದು ಬರೀ ಹಳಬರ ಹೆದರಿಕೆ ಅಲ್ಲ. ಗೌರಿ ಹೂವಿನ ಗೆಡ್ಡೆಯಲ್ಲಿ ಕಾಲ್ಚಿಸಿನ್ ಅನ್ನೋ ಕಡು ವಿಷ ಇದೆ. ಗೆಣಸು ಅಂತ ಬೇಯಿಸಿ ತಿಂದರೆ ಪ್ರಾಣಕ್ಕೇ ಸಂಚಕಾರ. ದತ್ತೂರಿ ಬೀಜವೂ ಹಾಗೇ, ಹಿಂದೆ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಗುಲಗಂಜಿಯೂ ಹಾಗೇ. ಗಿಡದ ಗುರುತು ಅನ್ನೋದು ಪುರುಸೊತ್ತಿದ್ದವರ ಶೋಕಿ ಅಲ್ಲ. ಸಾರಿಗೆ ಹಾಕೋ ಸೊಪ್ಪು ಯಾವುದು, ಸಾಯಿಸೋ ಗೆಡ್ಡೆ ಯಾವುದು ಅಂತ ಮಕ್ಕಳಿಗೆ ಹೇಳಿಕೊಡೋ ವಿದ್ಯೆ ಅದು.

ಪಕ್ಕದವರಿಗೆ ರಾಜ್ಯದ ಹೂವು, ನಮಗೆ ಕಳೆ

ಇನ್ನೊಂದು ತಮಾಷೆ ನೋಡಿ. ಇದೇ ಗೌರಿ ಹೂವನ್ನ ಪಕ್ಕದ ತಮಿಳುನಾಡು ರಾಜ್ಯದ ಹೂವು ಅಂತ ಘೋಷಿಸಿಕೊಂಡಿದೆ. ಅದೇ ಗೋಮಾಳದ ತುಂಬಾ ಹಳದಿ ಹೂ ಬಿಟ್ಟು ನಿಂತಿರೋ ತಂಗಡಿ ತೆಲಂಗಾಣದ ರಾಜ್ಯದ ಹೂವು. ಅಲ್ಲಿನ ಬತುಕಮ್ಮ ಹಬ್ಬದಲ್ಲಿ ಹೆಂಗಸರು ತಂಗಡಿ ಹೂವನ್ನೂ, ನಮ್ಮ ಅಣ್ಣೆಯ ತೆನೆಯನ್ನೂ ಸುತ್ತು ಸುತ್ತಾಗಿ ಜೋಡಿಸಿ ಗೋಪುರ ಕಟ್ಟಿ ಹಾಡ್ತಾರೆ. ಪಾವಗಡದ ಕಡೆಯವರು ತಂಗೇಡು ಅಂದರೆ, ಈ ಕಡೆಯವರು ತಂಗಡಿ, ಆವರಿಕೆ ಅಂತಾರೆ. ಹಿಂದೆ ತೊಗಲು ಹದ ಮಾಡೋಕೆ ಇದರ ತೊಗಟೆಯೇ ಬೇಕಾಗಿತ್ತು. ಇವತ್ತು ರಸ್ತೆ ಬದಿ ಸವರುವ ಯಂತ್ರಕ್ಕೆ ಅದೂ ಒಂದೇ, ಕಾಂಗ್ರೆಸ್ ಗಿಡವೂ ಒಂದೇ.

ಕಾಂಗ್ರೆಸ್ ಗಿಡದ ವಿಷಯ ಬಂತಲ್ಲ. ಪಟ್ಟಣದ ಮಕ್ಕಳಿಗೂ ಸಲೀಸಾಗಿ ಗುರುತು ಸಿಗೋ ಕಾಡು ಗಿಡ ಅಂದರೆ ಅದೇ, ಪಾರ್ಥೇನಿಯಂ. ಅಮೆರಿಕ ಖಂಡದ ಗಿಡ. 1950ರ ದಶಕದಲ್ಲಿ ಪುಣೆ ಹತ್ತಿರ ಕಾಣಿಸಿಕೊಂಡು ದೇಶವೆಲ್ಲಾ ಹಬ್ಬಿತು. ಮೈ ಕಡಿತ, ಕೆಮ್ಮು ಕೊಡೋ ಗಿಡ. ಲಂಟಾನವೂ ಹೊರಗಿನದೇ. ಬಂದ ನೆಂಟರ ಹೆಸರು ಗೊತ್ತು, ಮನೆಯವರ ಹೆಸರು ಗೊತ್ತಿಲ್ಲ ಅನ್ನೋ ಹಾಗಾಗಿದೆ.

ಹಕ್ಕಿಗಳ ಕತೆಯೂ ಇದೇ. ನೀಲಕಂಠ ಕರ್ನಾಟಕದ ರಾಜ್ಯದ ಹಕ್ಕಿ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿಸ್ತಾರೆ. ಅದೇ ಹಕ್ಕಿ ಹೊಲದ ಮೇಲಿನ ಕರೆಂಟ್ ತಂತಿ ಮೇಲೆ ಮಂಕಾಗಿ ಕೂತಿದ್ದರೆ ಮಗುವಿಗೆ ಗೊತ್ತಾಗಲ್ಲ. ಹಾರಿದಾಗ ರೆಕ್ಕೆಯ ನೀಲಿ ಕಂಡರೆ ‘ಅದೇನೋ ವಿದೇಶಿ ಹಕ್ಕಿ’ ಅನ್ನುತ್ತೆ.

ದೇವರಾಯನದುರ್ಗದ್ದು ಇನ್ನೂ ದೊಡ್ಡ ಮಾತು. ಇಲ್ಲಿನ ಬಂಡೆಗಳ ನಡುವೆ ಹಳದಿ ಕತ್ತಿನ ಪಿಕಳಾರ ಅನ್ನೋ ಹಕ್ಕಿ ಇದೆ. ದಕ್ಷಿಣ ಭಾರತದ ಕಲ್ಲುಬೆಟ್ಟ, ಕುರುಚಲು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಅಳಿವಿನ ಅಂಚಿಗೆ ಜಾರೋ ಭಯವಿರುವ ಹಕ್ಕಿಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಇದರ ಹೆಸರಿದೆ. ಮನೆ ಹಿತ್ತಲಿಗೆ ಬರೋ ಪಿಕಳಾರಕ್ಕೆ ತಲೆ ಕಪ್ಪು, ಬಾಲದಡಿ ಕೆಂಪು. ಇದಕ್ಕೆ ತಲೆ, ಕತ್ತು, ಬಾಲದಡಿ ಎಲ್ಲಾ ಹಳದಿ. ಅಷ್ಟು ಗೊತ್ತಿದ್ದರೆ ಸಾಕು, ಗುರುತು ಹಿಡೀಬಹುದು. ಹಕ್ಕಿ ಶಾಸ್ತ್ರದ ಸಲೀಂ ಅಲಿ 1930ರ ದಶಕದ ಕೊನೆಯಲ್ಲಿ ಇದೇ ನಾಮದ ಚಿಲುಮೆಯಲ್ಲಿ ತಂಗಿ ಹಕ್ಕಿ ನೋಡಿದ್ದರು. ದೂರದಿಂದ ಜನ ದುರ್ಬೀನು ಹೊತ್ತು ಇದನ್ನ ಹುಡುಕಿ ಬರ್ತಾರೆ. ಯೋಗಾನರಸಿಂಹ, ಭೋಗಾನರಸಿಂಹರಿಗೆ ಕೈ ಮುಗಿದು, ನಾಮದ ಚಿಲುಮೆಯ ನೀರು ತಲೆಗೆ ಚಿಮುಕಿಸಿಕೊಂಡು ಹೋಗೋ ನಮ್ಮೂರ ಜನಕ್ಕೆ ಆ ಹಕ್ಕಿ ಇದೆ ಅನ್ನೋದೇ ಗೊತ್ತಿಲ್ಲ.

ಹೆಸರಿಲ್ಲದ್ದಕ್ಕೆ ವಾರಸುದಾರರಿಲ್ಲ

‘ಗೊತ್ತಿಲ್ಲದಿದ್ದರೆ ಏನು ಗಂಟು ಹೋಗ್ತದೆ? ಹಕ್ಕಿ ಹಾರ್ತದೆ, ಹೂವು ಅರಳ್ತದೆ’ ಅಂತ ಕೇಳೋ ಜಾಣರಿದ್ದಾರೆ. ಹೋಗೋದು ಗಂಟೇ.

ಕುರುಚಲು, ಹುಲ್ಲುಗಾವಲುಗಳನ್ನ ಪಾಳುಭೂಮಿ ಅಂತ ಲೆಕ್ಕ ಹಾಕೋದು ಬರೀ ಪಹಣಿಯಲ್ಲಲ್ಲ. ಕೇಂದ್ರ ಸರ್ಕಾರ 2000ನೇ ಇಸವಿಯಿಂದ ಹೊರತಂದಿರುವ ದೇಶದ ಪಾಳುಭೂಮಿ ನಕ್ಷೆಯಲ್ಲೂ ಕುರುಚಲಿಗೆ ಅದೇ ಹಣೆಬರಹ. ಪಾಳು ಅಂದಮೇಲೆ ಯಾರು ಏನು ಹಾಕಿದರೂ ಸರಿ, ಕಲ್ಲು ಒಡೆದರೂ ಸರಿ, ನಿವೇಶನ ಮಾಡಿದರೂ ಸರಿ. ಭೂಕಂದಾಯ ನಿಯಮದ ಪ್ರಕಾರ 100 ರಾಸಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಉಳಿಸಬೇಕು. ನಿಯಮದಲ್ಲಿ ಇರೋದು ದನದ ಲೆಕ್ಕ. ಅದೇ ಹುಲ್ಲಲ್ಲಿ ಬದುಕೋ ಗೌಜಲ ಹಕ್ಕಿ, ಬುರ್ಲಿ, ಮೊಲ, ಉಡ, ಮುಂಗುಸಿಗಳ ಲೆಕ್ಕ ಯಾವ ಕಾಲಂನಲ್ಲೂ ಇಲ್ಲ. ದನ ಕಮ್ಮಿಯಾದ ಊರಲ್ಲಿ ಗೋಮಾಳವೂ ಕಮ್ಮಿಯಾಗ್ತದೆ. ಮಿಕ್ಕ ಜೀವಿಗಳ ಪರವಾಗಿ ತಕರಾರು ಅರ್ಜಿ ಹಾಕುವವರು ಯಾರು?

ಈ ಜಿಲ್ಲೆ ಒಂದು ಸಲ ಪೆಟ್ಟು ತಿಂದಿದೆ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂತ ಹೇಳಿಕೊಂಡು ಬಯಲುಸೀಮೆಯ ತುಂಬಾ ನೀಲಗಿರಿ ನೆಡಿಸಿದರು. 1983ರ ಆಗಸ್ಟ್‌ನಲ್ಲಿ ಇದೇ ತುಮಕೂರು ಜಿಲ್ಲೆಯ ರೈತರು ಸರ್ಕಾರಿ ನರ್ಸರಿಗೆ ಮೆರವಣಿಗೆ ಹೋಗಿ ನೀಲಗಿರಿ ಸಸಿ ಕಿತ್ತು ಹಾಕಿ, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ನೆಟ್ಟು ಬಂದರು. ಹೊಸದಾಗಿ ನೀಲಗಿರಿ ಹಾಕಬಾರದು ಅಂತ ಸರ್ಕಾರ ಆದೇಶ ಮಾಡುವಷ್ಟರಲ್ಲಿ 2017 ಬಂದಿತ್ತು. ರೈತನಿಗೆ ಗೊತ್ತಾದ ವಿಷಯ ಸರ್ಕಾರಕ್ಕೆ ಗೊತ್ತಾಗೋಕೆ 34 ವರ್ಷ ಬೇಕಾಯಿತು.

ಹೆಸರು ಗೊತ್ತಿದ್ದರೆ ಏನಾಗ್ತದೆ ಅನ್ನೋದಕ್ಕೂ ಇಲ್ಲೇ ಸಾಕ್ಷಿ ಇದೆ. ದುರ್ಗದ ಬೆಟ್ಟದಲ್ಲಿ ಎರಡು ಹೊಳೆ ಹುಟ್ಟುತ್ತವೆ. ಶಿಂಷಾ ದಕ್ಷಿಣಕ್ಕೆ ಹೋಗಿ ಕಾವೇರಿ ಸೇರಿದರೆ, ಜಯಮಂಗಲಿ ಉತ್ತರಕ್ಕೆ ಕೊರಟಗೆರೆ, ಮಧುಗಿರಿ ಕಡೆ ಹರಿದು ಪಿನಾಕಿನಿ ಸೇರುತ್ತೆ. ಆ ಜಯಮಂಗಲಿ ಸೀಮೆಯ ಮೈದನಹಳ್ಳಿಯಲ್ಲಿ ಒಂದು ಬಯಲು. ನೋಡಿದವರಿಗೆ ಬರೀ ಹುಲ್ಲು, ಜೊತೆಗೆ ಒಂದಿಷ್ಟು ನೀಲಗಿರಿ. ಆದರೆ ಅಲ್ಲಿ ಕೃಷ್ಣಮೃಗದ ಹಿಂಡು ಇತ್ತು. ತುಮಕೂರಿನ ಹವ್ಯಾಸಿಗಳು ನಡೆದು ನೋಡಿದರು, ಎಣಿಸಿದರು, ಬರೆದರು, ಬೆನ್ನು ಬಿದ್ದರು. 2007ರಲ್ಲಿ ಆ 798 ಎಕರೆ ಜಯಮಂಗಲಿ ಸಂರಕ್ಷಿತ ಪ್ರದೇಶ ಆಯಿತು. ಕೃಷ್ಣಮೃಗ ಕಣ್ಣು-ಕಾಲು ನಂಬಿ ಬದುಕೋ ಪ್ರಾಣಿ. ದೂರದಿಂದ ಶತ್ರುವನ್ನ ನೋಡಬೇಕು, ನೆಗೆದು ಓಡಬೇಕು. ಅದಕ್ಕೆ ಬೇಕಾದದ್ದು ಮರ ಅಲ್ಲ, ಬಯಲು. ಯಾರೂ ನಡೆದು ನೋಡದೇ ಹೋಗಿದ್ದರೆ ಅದೂ ಇವತ್ತು ಇನ್ನೊಂದು ‘ಬೀಳು’ ಅಷ್ಟೇ.

ಕಾನೂನು ಇದೆ, ಕಾಲಿಗೆ ಕೆಲಸ ಇಲ್ಲ

ಇದನ್ನೆಲ್ಲ ಬರೆದಿಡೋಕೆ ಕಾನೂನೇ ಇಲ್ಲವೇ ಅಂದರೆ, ಇದೆ. 2002ರ ಜೀವವೈವಿಧ್ಯ ಕಾಯ್ದೆ. ಅದರ ಪ್ರಕಾರ ಪ್ರತಿ ಪಂಚಾಯ್ತಿಯಲ್ಲಿ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿ ಊರ ಜನರನ್ನ ಕೇಳಿ ಒಂದು ದಾಖಲೆ ಮಾಡಬೇಕು, ಅದರ ಹೆಸರು ಜನತಾ ಜೀವವೈವಿಧ್ಯ ದಾಖಲೆ. ಊರಲ್ಲಿ ಯಾವ ಗಿಡ, ಯಾವ ಪ್ರಾಣಿ ಇದೆ, ಯಾವುದು ಯಾವ ಔಷಧಿಗೆ, ಹಳಬರಿಗೆ ಅದರ ಬಗ್ಗೆ ಏನು ಗೊತ್ತು, ಎಲ್ಲಾ ಅದರಲ್ಲಿ ಬರಬೇಕು. ಈ ದಾಖಲೆಯ ಕಲ್ಪನೆ 1990ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳ್ ಮತ್ತು ಅವರ ಜೊತೆಗಾರರದು. ನಮ್ಮ ರಾಜ್ಯದಲ್ಲೇ ಬೆಳೆದ ಬುದ್ಧಿ.

ಹದಿನೇಳು ವರ್ಷ ಕಳೆದರೂ ದೇಶದ ಎಷ್ಟೋ ಕಡೆ ಈ ಕೆಲಸ ಆಗಿರಲಿಲ್ಲ. ಕಡೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗುಡುಗಿತು: 2020ರ ಜನವರಿ 31ರೊಳಗೆ ಮುಗಿಸಿ, ಇಲ್ಲದಿದ್ದರೆ ತಪ್ಪಿದ ರಾಜ್ಯ ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಲಿ. ಗಡುವು ಬಂದರೆ ಕಚೇರಿಗಳು ಹೇಗೆ ಕೆಲಸ ಮಾಡ್ತವೆ ಅಂತ ಓದುಗರಿಗೆ ಹೇಳಬೇಕಿಲ್ಲ. ಒಂದು ಊರಿನ ಪಟ್ಟಿಯನ್ನ ಇನ್ನೊಂದು ಊರಿಗೆ ಇಳಿಸೋಕೆ ಕಂಪ್ಯೂಟರ್‌ಗೆ ಎಷ್ಟು ಹೊತ್ತು ಬೇಕು? ದಾಖಲೆ ಅಂದರೆ ಬೀರುವಿನೊಳಗೆ ಇರೋ ಪುಸ್ತಕ ಅಲ್ಲ. ಗೋಮಾಳದಲ್ಲಿ ನಡೆದ ಹೆಜ್ಜೆ ಅದು. ನಡೆಯದೇ ಬರೆದ ಪಟ್ಟಿಯಿಂದ ಒಂದು ಹುಲ್ಲುಕಡ್ಡಿಯೂ ಉಳಿಯಲ್ಲ.

ಪರೀಕ್ಷೆ ಬಹಳ ಸುಲಭ. ಯಾವುದೇ ಪಂಚಾಯ್ತಿಯ ದಾಖಲೆ ತೆಗೆಸಿ ನೋಡಿ. ಆ ಊರಿನ ಕುರಿಗಾಹಿಗಳು, ನಾಟಿ ಔಷಧಿ ಕೊಡುವವರು, ಸೊಪ್ಪು ಕೀಳೋ ಹೆಂಗಸರು, ಇವರಲ್ಲಿ ಒಬ್ಬರನ್ನಾದರೂ ಕೇಳಿ ಬರೆದಿದ್ದಾರಾ? ತಪ್ಪಲಿನ ಆ ತಾತನನ್ನ ಹುಡುಗರು ಕೇಳಿದರು. “ನನ್ನನ್ಯಾರೂ ಕೇಳಲಿಲ್ಲಪ್ಪ. ಕೇಳೋಕೆ ಏನೈತೆ ಅಂತ ಬರ್ತಾರೆ?” ಅಂದರಂತೆ.

ತಾತನೂ ಬೇಕು, ಆಪೂ ಬೇಕು

ಹಾಗಂತ ಹಳಬರು ಹೇಳಿದ್ದೆಲ್ಲಾ ವೇದವಾಕ್ಯ ಅಲ್ಲ. ಹಾವುರಾಣಿ ಕಚ್ಚಿದರೆ ಸಾವು ಅಂತ ಅವರೇ ಹೇಳ್ತಾರೆ. ಅದಕ್ಕೆ ವಿಷವೇ ಇಲ್ಲ. ಮಣ್ಣುಮುಕ್ಕ ಹಾವಿಗೆ ಎರಡು ತಲೆ ಅಂತಾರೆ. ಇರೋದು ಒಂದೇ ತಲೆ, ಬಾಲ ಮೊಂಡಾಗಿರೋದರಿಂದ ಹಾಗೆ ಕಾಣ್ತದೆ. ಆ ಮೂಢನಂಬಿಕೆ ನಂಬಿಕೊಂಡೇ ಲಕ್ಷಗಟ್ಟಲೆ ಆಸೆ ತೋರಿಸಿ ಅದನ್ನ ಕದ್ದು ಮಾರೋ ಜಾಲಗಳು ಹುಟ್ಟಿದವು, ಹುಡುಗರು ಜೈಲು ಕಂಡರು. ಆಪ್ ಕೂಡ ತಪ್ಪುತ್ತೆ. ಹೂವಿಲ್ಲದ ಗಿಡ ತೋರಿಸಿದರೆ ಏನೋ ಒಂದು ಹೆಸರು ಹೇಳಿ ಕೈ ತೊಳ್ಕೊಳ್ಳುತ್ತೆ. ಸೊಪ್ಪು ತಿನ್ನೋಕೆ, ಔಷಧಿಗೆ ಅದರ ಮಾತು ನಂಬೋದು ಅಪಾಯ.

ಊರ ಹೆಸರಿಗೂ ಮಿತಿ ಇದೆ. ಒಂದೇ ಗಿಡಕ್ಕೆ ಮೂರು ತಾಲ್ಲೂಕಿನಲ್ಲಿ ಮೂರು ಹೆಸರು, ಒಂದೇ ಹೆಸರಿಗೆ ಎರಡು ಗಿಡ. ಅದಕ್ಕೇ ಶಾಸ್ತ್ರದ ಹೆಸರು ಬೇಕಾಗೋದು. ಊರ ಹೆಸರು ಬಳಕೆ ಹೇಳುತ್ತೆ, ಶಾಸ್ತ್ರದ ಹೆಸರು ಗೊಂದಲ ತಪ್ಪಿಸುತ್ತೆ. ಎರಡನ್ನೂ ಜೊತೆಗೆ ತಂದವರು ಕನ್ನಡದಲ್ಲೇ ಇದ್ದರು. ಸಸ್ಯಶಾಸ್ತ್ರದ ಮೇಷ್ಟ್ರು ಬಿ.ಜಿ.ಎಲ್. ಸ್ವಾಮಿ ವಿದ್ಯಾರ್ಥಿಗಳನ್ನ ಕಾಡು ಸುತ್ತಿಸಿದ ಅನುಭವವನ್ನ ‘ಹಸುರು ಹೊನ್ನು’ ಅಂತ ಬರೆದರು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಸ್ಯಶಾಸ್ತ್ರವನ್ನ ನಗುನಗುತ್ತಾ ಓದಿಸಿದ ಭಾಷೆಗೆ ಇವತ್ತು ತುಂಬೆ ಹೂವಿನ ಗುರುತು ಹೇಳೋದು ಕಷ್ಟವಾಗಬಾರದು.

ಆಗಬೇಕಾದ್ದು ಇಷ್ಟು

ಇದಕ್ಕೆ ಕೋಟಿ ರೂಪಾಯಿ ಯೋಜನೆ ಬೇಡ, ಉದ್ಘಾಟನೆಯೂ ಬೇಡ.

ಒಂದು: ಹಳ್ಳಿ ಶಾಲೆಗಳು ತಿಂಗಳಿಗೊಂದು ಶನಿವಾರ ಮಕ್ಕಳನ್ನ ಊರ ಗೋಮಾಳಕ್ಕೋ, ಕೆರೆ ಏರಿಗೋ ಕರೆದುಕೊಂಡು ಹೋಗಲಿ. ಜೊತೆಗೆ ಊರಿನ ಒಬ್ಬ ತಾತ, ಒಬ್ಬ ಅಜ್ಜಿ ಇರಲಿ. ಒಂದು ನಡಿಗೆಗೆ ಐದು ಗಿಡ, ಎರಡು ಹಕ್ಕಿ ಸಾಕು. ಎಲೆ ಎದುರುಬದುರೋ, ಒಂದಾದ ಮೇಲೊಂದೋ, ಎಸಳು ಎಷ್ಟು, ವಾಸನೆ ಹೇಗೆ, ಯಾವ ಮಳೆಯಲ್ಲಿ ಹೂ ಬಿಡುತ್ತೆ, ಇಷ್ಟು ಬರೆದುಕೊಂಡರೆ ಮಗು ಆ ಗಿಡವನ್ನ ಜನ್ಮದಲ್ಲಿ ಮರೆಯಲ್ಲ. ಕೀಳೋದು ಬೇಡ, ಬಾಯಿಗೆ ಹಾಕೋದು ಬೇಡ, ಹಾವಿನ ಹತ್ತಿರ ಹೋಗೋ ಸಾಹಸವಂತೂ ಬೇಡವೇ ಬೇಡ. ಟಿಟ್ಟಿಭ ಕೂಗ್ತಾ ತಲೆ ಮೇಲೆ ಸುತ್ತಿದರೆ ಅಲ್ಲಿಂದ ಸರಿಯಬೇಕು, ನೆಲದ ಕಲ್ಲುಗಳ ನಡುವೆ ಅದರ ಮೊಟ್ಟೆ ಇರಬಹುದು. ನಡಿಗೆಯ ಶಿಸ್ತು ಇಷ್ಟೇ.

ಎರಡು: ಜಿಲ್ಲೆಯ ಕಾಲೇಜುಗಳ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ವಿಭಾಗದವರು ತಲಾ ಒಂದು ಪಂಚಾಯ್ತಿ ವಹಿಸಿಕೊಂಡು ಆ ಪಟ್ಟಿಗೆ ಶಾಸ್ತ್ರದ ಹೆಸರು ಹಚ್ಚಿಕೊಡಲಿ. ಹುಡುಗರಿಗೆ ಪ್ರಾಕ್ಟಿಕಲ್ ಆಯಿತು, ಊರಿಗೆ ದಾಖಲೆ ಆಯಿತು.

ಮೂರು: ಪಿ.ಡಿ.ಓ. ಸಾಹೇಬರುಗಳು ಬೀರುವಿನಲ್ಲಿರೋ ಜೀವವೈವಿಧ್ಯ ದಾಖಲೆಯನ್ನ ಗ್ರಾಮಸಭೆಯಲ್ಲಿ ಒಂದು ಸಲ ಗಟ್ಟಿಯಾಗಿ ಓದಿಸಲಿ. ‘ಇದು ನಮ್ಮೂರಲ್ಲಿಲ್ಲ’, ‘ಅದು ಬಿಟ್ಟುಹೋಗಿದೆ’ ಅಂತ ಜನವೇ ತಿದ್ದುತ್ತಾರೆ. ಗೋಮಾಳದ ಮೇಲೆ ಯಾವುದೇ ಅರ್ಜಿ ಬಂದಾಗ ಪಹಣಿಯ ಪಕ್ಕದಲ್ಲಿ ಆ ದಾಖಲೆಯನ್ನೂ ಇಟ್ಟು ತೀರ್ಮಾನ ಮಾಡಲಿ.

ತಡ ಮಾಡೋ ಹಾಗಿಲ್ಲ. ಹಸ್ತೆ, ಚಿತ್ತೆ ಮಳೆ ಮುಗಿಯೋವರೆಗೆ ಈ ಹೂವುಗಳು ಕಣ್ಣಿಗೆ ಬೀಳ್ತವೆ. ದೀಪಾವಳಿ ದಾಟಿದರೆ ಹುಲ್ಲು ಒಣಗಿ, ಬಯಲು ಮತ್ತೆ ಬೋಳಾಗಿ, ‘ಇಲ್ಲೇನಿದೆ ಸ್ವಾಮಿ’ ಅನ್ನುವವರ ಮಾತೇ ನಿಜ ಅನ್ನಿಸುತ್ತೆ. ಹೂವು ಮುಂದಿನ ಮಳೆಗೆ ಮತ್ತೆ ಬರುತ್ತೆ. ಹೆಸರು ಹೇಳೋ ತಾತಂದಿರು ಬರಲ್ಲ.

ಆ ನಾಲ್ಕು ಹುಡುಗರು ಸಂಜೆ ಹೊರಡೋವಾಗ ನೋಟ್‌ಬುಕ್ಕಿನ ಎರಡು ಪುಟ ತುಂಬಿತ್ತು, 31 ಹೆಸರು. ಮುಂದಿನ ಭಾನುವಾರ ಬರ್ತೀವಿ ತಾತ ಅಂದರು. “ಬರ್ರಪ್ಪಾ, ಆ ಕಡೆ ಗುಡ್ಡ ಇನ್ನೂ ನೋಡೇ ಇಲ್ಲ ನೀವು” ಅಂದರು ತಾತ. ನಾಲ್ಕು ಹುಡುಗರು ಒಂದು ದಿನದಲ್ಲಿ ಮಾಡಿದ್ದನ್ನ ಒಂದು ಪಂಚಾಯ್ತಿ ಒಂದು ವರ್ಷದಲ್ಲಿ ಮಾಡೋಕಾಗಲ್ವೇ? ಸಂಬಂಧಪಟ್ಟವರು ಉತ್ತರ ಹೇಳೋದು ಬೇಡ. ಒಂದು ಬೆಳಗ್ಗೆ ಎದ್ದು ಗೋಮಾಳಕ್ಕೆ ಹೋಗಿ ಬರಲಿ, ಸಾಕು.